ಒಂದೇ ಕೌಂಟರ್, ಮೂರು ತಲೆಮಾರು

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆ ಅಡುಗೆಮನೆಗೆ ಎಷ್ಟು ಸಲ್ಲುತ್ತದೋ ಕಚೇರಿಯ ಹಾಜರಿ ಪುಸ್ತಕಕ್ಕೂ ಅಷ್ಟೇ ಸಲ್ಲುತ್ತದೆ. ಈಗಿನ ಹುಡುಗರಿಗೆ ತಾಳ್ಮೆಯಿಲ್ಲ, ಸಂಸ್ಥೆಯ ಮೇಲೆ ಪ್ರೀತಿಯಿಲ್ಲ, ಗಡಿಯಾರ ಐದು ಹೊಡೆಯುವುದನ್ನೇ ಕಾಯುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ಹಿರಿಯರಿಗೆ ಹೊಸದನ್ನು ಕಲಿಯುವ ಮನಸ್ಸಿಲ್ಲ, ಅರ್ಧ ಗಂಟೆಯ ಕೆಲಸಕ್ಕೆ ಅರ್ಧ ದಿನ ಬೇಕು ಎಂದು ಕಿರಿಯರು ಗೊಣಗುತ್ತಾರೆ. ಎರಡೂ ದೂರುಗಳು ಕಾರ್ಖಾನೆ, ಶಾಲೆ, ಪತ್ರಿಕಾ ಕಚೇರಿ, ಸರ್ಕಾರಿ ಇಲಾಖೆ ಎಲ್ಲೆಡೆ ಕೇಳಿಬರುವಂಥವೇ.

ಈ ಅಂತರ ನಿಜವಾಗಿಯೂ ವಯಸ್ಸಿನದೇ? ಅಥವಾ ವಯಸ್ಸಿನ ಹೆಸರಿನಲ್ಲಿ ಬೇರೇನೋ ಅಡಗಿದೆಯೇ? ಇದಕ್ಕೆ ಉತ್ತರ ಹುಡುಕಲು ಬ್ಯಾಂಕಿನ ಕೌಂಟರಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗುವುದು ಕಷ್ಟ. ದೇಶದ ಹಲವು ದೊಡ್ಡ ಬ್ಯಾಂಕುಗಳು ಹುಟ್ಟಿದ್ದು ಇಲ್ಲಿಯ ಕರಾವಳಿಯಲ್ಲಿ. ಕಳೆದ ನೂರು ವರ್ಷಗಳಲ್ಲಿ ಕೆಲಸದ ಸ್ವರೂಪ ಅಲ್ಲಿ ಬದಲಾದಷ್ಟು ಸ್ಪಷ್ಟವಾಗಿ ಬೇರೆಡೆ ಬದಲಾದದ್ದು ಕಡಿಮೆ.

‘ತಲೆಮಾರು’ ಎಂದರೇನು?

ಅತ್ತೆ–ಸೊಸೆಯ ಗಾದೆಯಲ್ಲಿ ಒಂದು ತರ್ಕವಿದೆ. ಇಂದಿನ ಸೊಸೆ ನಾಳೆ ಅತ್ತೆಯಾಗುತ್ತಾಳೆ. ಆಗ ಅವಳೂ ಅತ್ತೆಯಂತೆಯೇ ಮಾತನಾಡುತ್ತಾಳೆ. ಅಂದರೆ ಅಂತರ ಸ್ಥಾನದ್ದು, ವ್ಯಕ್ತಿಯದಲ್ಲ. ಕಚೇರಿಯ ಎಷ್ಟೋ ಜಗಳಗಳು ಈ ಜಾತಿಯವು. ಇಪ್ಪತ್ತೈದರಲ್ಲಿ ವರ್ಗಾವಣೆಗೆ ಹೆದರದವನು ಮಕ್ಕಳ ಓದಿನ ಕಾಲಕ್ಕೆ ಹೆದರುತ್ತಾನೆ.

ಆದರೆ ಎಲ್ಲ ಅಂತರವೂ ಹಾಗೆ ಕರಗುವುದಿಲ್ಲ. ಹಂಗೆರಿಯಲ್ಲಿ ಹುಟ್ಟಿ ಜರ್ಮನ್ ಭಾಷೆಯಲ್ಲಿ ಬರೆದ ಸಮಾಜಶಾಸ್ತ್ರಜ್ಞ ಕಾರ್ಲ್ ಮನ್‌ಹೈಮ್ 1928ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ವಿಷಯವನ್ನು ಶಾಸ್ತ್ರೀಯವಾಗಿ ಚರ್ಚಿಸಿದ. ಒಂದೇ ವರ್ಷ ಹುಟ್ಟಿದ ಮಾತ್ರಕ್ಕೆ ಜನ ಒಂದು ತಲೆಮಾರಾಗುವುದಿಲ್ಲ. ಹರೆಯದಲ್ಲಿ ಒಂದೇ ದೊಡ್ಡ ಘಟನೆಯ ಮೂಲಕ ಒಟ್ಟಿಗೆ ಹಾದುಬಂದವರು ಮಾತ್ರ ತಲೆಮಾರಾಗುತ್ತಾರೆ ಎಂಬುದು ಅವನ ವಾದದ ತಿರುಳು. ಯುದ್ಧ, ಕ್ರಾಂತಿ, ಕ್ಷಾಮಗಳನ್ನು ಎಳೆಯ ವಯಸ್ಸಿನಲ್ಲಿ ಕಂಡವರಿಗೂ ಅವುಗಳನ್ನು ಕೇಳಿ ತಿಳಿದವರಿಗೂ ಲೋಕ ಒಂದೇ ಬಗೆಯಲ್ಲಿ ಕಾಣುವುದಿಲ್ಲ.

ಮುಂದೆ ಅಮೆರಿಕದಲ್ಲಿ ಈ ವಿಚಾರ ಸಂತೆಯ ಸರಕಾಯಿತು. 1946ರಿಂದ 1964ರ ನಡುವೆ ಹುಟ್ಟಿದವರು ‘ಬೇಬಿ ಬೂಮರ್’, ಅವರ ನಂತರದವರು ‘ಜನರೇಷನ್ ಎಕ್ಸ್’, ಆಮೇಲಿನವರು ‘ಮಿಲೆನಿಯಲ್’ ಎಂಬ ಹಣೆಪಟ್ಟಿಗಳು ಹುಟ್ಟಿಕೊಂಡವು. ಈ ಪಟ್ಟಿಗಳನ್ನು ಹಿಡಿದು ನೌಕರರನ್ನು ‘ನಿಭಾಯಿಸುವ’ ತರಬೇತಿ ಶಿಬಿರಗಳೂ ನಡೆದವು. ಇವು ಭಾರತಕ್ಕೂ ಬಂದವು. ಆದರೆ ಅಮೆರಿಕದಲ್ಲಿ 1946ರ ನಂತರದ್ದು ಸಮೃದ್ಧಿಯ ಕಾಲವಾದರೆ, ಇಲ್ಲಿ ಅದು ವಿಭಜನೆಯ ಮತ್ತು ಪಡಿತರದ ಸಾಲಿನ ಕಾಲ. ಅಲ್ಲಿಯ ಪಟ್ಟಿಯನ್ನು ಇಲ್ಲಿ ಅಂಟಿಸಿದರೆ ಹೊಂದಿಕೆಯಾಗುವುದು ಹೇಗೆ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2020ರಲ್ಲಿ ಹೊರತಂದ ವರದಿ, ಇಂಥ ವರ್ಗೀಕರಣದ ಆಧಾರದ ಮೇಲೆ ನೌಕರರ ನಿರ್ವಹಣೆ ಮಾಡಲು ಸಂಶೋಧನೆಯ ಬೆಂಬಲವಿಲ್ಲ ಎಂದೇ ಹೇಳಿತು.

ಹಾಗಾದರೆ ಅಂತರವೇ ಇಲ್ಲವೆಂದಲ್ಲ. ಅದನ್ನು ಹುಟ್ಟಿದ ವರ್ಷದಲ್ಲಿ ಹುಡುಕುವ ಬದಲು ಕೆಲಸಕ್ಕೆ ಸೇರಿದ ವರ್ಷದಲ್ಲಿ ಹುಡುಕಬೇಕು.

ಎರಡಾಣೆಯ ಕಾಲ

ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಸ್ಥಾಪಿಸಿದ್ದು 1906ರಲ್ಲಿ. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು. 1925ರಲ್ಲಿ ಉಡುಪಿಯಲ್ಲೇ ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಸೇರಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿತು. 1931ರಲ್ಲಿ ಎ.ಬಿ. ಶೆಟ್ಟಿ ಮತ್ತು ಸಂಗಡಿಗರಿಂದ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಆರಂಭವಾಯಿತು. ಅತ್ತ ಮೈಸೂರು ಸಂಸ್ಥಾನದಲ್ಲಿ 1913ರಲ್ಲೇ ಮೈಸೂರು ಬ್ಯಾಂಕ್ ತಲೆಯೆತ್ತಿತ್ತು.

ಆ ಕಾಲದ ಬ್ಯಾಂಕ್ ನೌಕರಿ ಪರಿಚಯದ ಮೇಲೆ ನಡೆಯುತ್ತಿತ್ತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರು ಆರಂಭಿಸಿದ ಪಿಗ್ಮಿ ಠೇವಣಿಯೇ ಇದಕ್ಕೆ ಸಾಕ್ಷಿ. ಪಿಗ್ಮಿ ಏಜೆಂಟ್ ದಿನವೂ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ಯಾರ ಮನೆಯಲ್ಲಿ ಮದುವೆ, ಯಾರ ದೋಣಿಗೆ ಮೀನು ಸಿಕ್ಕಿಲ್ಲ ಎಂಬುದೆಲ್ಲ ಅವನಿಗೆ ಗೊತ್ತು. ಸಾಲಗಾರನ ಯೋಗ್ಯತೆಯನ್ನು ಅಳೆಯುವ ಮಾಪನವೂ ಬಹುಮಟ್ಟಿಗೆ ಈ ಪರಿಚಯವೇ. ಕೌಂಟರಿನಲ್ಲಿ ಕುಳಿತವರು ಗಿರಾಕಿಗಳ ಬಾಯಲ್ಲಿ ‘ಪೈ ಮಾಮ್’, ‘ಶೆಟ್ರು’, ‘ರಾಯರು’ ಆಗಿರುತ್ತಿದ್ದರು.

ಈ ಆತ್ಮೀಯತೆಗೆ ಇನ್ನೊಂದು ಮುಖವೂ ಇತ್ತು. ಪರಿಚಯ ಇಲ್ಲದವನಿಗೆ ಕೌಂಟರಿನ ಎರಡೂ ಕಡೆ ಜಾಗ ಸಿಗುವುದು ಸುಲಭವಿರಲಿಲ್ಲ. ಸಂಬಳ, ಕೆಲಸದ ವೇಳೆ ಮಾಲೀಕರ ಮರ್ಜಿಗೆ ಬಿಟ್ಟ ವಿಷಯಗಳಾಗಿದ್ದವು. 1946ರಲ್ಲಿ ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ ಹುಟ್ಟಿದ್ದು, 1953ರ ಶಾಸ್ತ್ರಿ ತೀರ್ಪು, 1962ರ ದೇಸಾಯಿ ತೀರ್ಪುಗಳು ಬಂದದ್ದು, 1966ರಲ್ಲಿ ಮೊದಲ ದ್ವಿಪಕ್ಷೀಯ ಒಪ್ಪಂದ ಆದದ್ದು ಈ ಹಿನ್ನೆಲೆಯಲ್ಲಿ.

ರಾಷ್ಟ್ರೀಕರಣದ ಮಕ್ಕಳು

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿದ್ದವು. 1980ರ ಏಪ್ರಿಲ್ 15ರಂದು ಮತ್ತೆ ಆರು ಬ್ಯಾಂಕುಗಳ ಸರದಿ ಬಂತು. ಈ ಸಲ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕ್ ಸರ್ಕಾರದ ಪಾಲಾದವು. ಮನ್‌ಹೈಮ್ ಹೇಳಿದ ‘ದೊಡ್ಡ ಘಟನೆ’ ಬ್ಯಾಂಕ್ ನೌಕರರ ಪಾಲಿಗೆ ಇದೇ.

1969ರಲ್ಲಿ ದೇಶದಲ್ಲಿದ್ದ ವಾಣಿಜ್ಯ ಬ್ಯಾಂಕ್ ಶಾಖೆಗಳು ಸುಮಾರು 8 ಸಾವಿರ. 1990ರ ಹೊತ್ತಿಗೆ ಅವು 59 ಸಾವಿರ ದಾಟಿದ್ದವು. ಈಗಾಗಲೇ ಬ್ಯಾಂಕ್ ಇರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕ್ ಇಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 1977ರಲ್ಲಿ ಜಾರಿಗೆ ತಂದಿತ್ತು. ಇಷ್ಟು ಶಾಖೆಗಳಿಗೆ ಜನ ಬೇಕಲ್ಲ? ನೇಮಕಾತಿ ಲಿಖಿತ ಪರೀಕ್ಷೆಯ ಮೂಲಕ ನಡೆಯತೊಡಗಿತು. ಮೀಸಲಾತಿಯೂ ಬಂತು. ವಂಶದಲ್ಲಿ ಯಾರೂ ಚೆಕ್ ಪುಸ್ತಕ ಕಾಣದ ಮನೆಗಳಿಂದ ಪದವೀಧರರು ಬಂದು ಕೌಂಟರಿನ ಒಳಗೆ ಕುಳಿತರು. ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಬಂದರು. ಮಧ್ಯಮವರ್ಗದ ಮದುವೆ ಮಾರುಕಟ್ಟೆಯಲ್ಲಿ ‘ಹುಡುಗ ಬ್ಯಾಂಕಿನಲ್ಲಿದ್ದಾನೆ’ ಎಂಬ ಮಾತಿಗೆ ತೂಕ ಬಂದದ್ದು ಆಗಲೇ.

ಈ ತಲೆಮಾರಿಗೆ ಬ್ಯಾಂಕ್ ಎಂದರೆ ನೌಕರಿ ಮಾತ್ರವಾಗಿರಲಿಲ್ಲ. ಬದುಕಿನ ಹೊಸ ಮೆಟ್ಟಿಲಾಗಿತ್ತು. ಸಂಘದ ಸಭೆಯಲ್ಲಿ ಅವರು ಪರಸ್ಪರ ‘ಕಾಮ್ರೇಡ್’. ಸರ್ಕಾರದ ಯೋಜನೆಗಳು ಹಳ್ಳಿಗೆ ತಲುಪಿದ್ದೂ ಅವರ ಕೈಯಿಂದಲೇ. 1980ರ ದಶಕದಲ್ಲಿ ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿದ್ದ ಬಿ. ಜನಾರ್ದನ ಪೂಜಾರಿ ನಡೆಸಿದ ಸಾಲ ಮೇಳಗಳಲ್ಲಿ ರಾಶಿ ರಾಶಿ ಅರ್ಜಿ ತುಂಬಿದವರು ಇವರೇ. ಬಡವನಿಗೆ ಬ್ಯಾಂಕಿನ ಬಾಗಿಲು ತೆರೆಯಿತೆಂದು ಕೆಲವರು ಹಿಗ್ಗಿದರು. ಸಾಲ ವಸೂಲಾಗುವುದಿಲ್ಲವೆಂದು ಕೆಲವರು ತಲೆ ಚಚ್ಚಿಕೊಂಡರು.

ಒಂಬತ್ತರ ಗುಟ್ಟು

ಲೆಡ್ಜರಿನ ಕಾಲದ ಕೆಲಸ ಹೇಗಿತ್ತೆಂಬುದು ಇಂದಿನ ಓದುಗರಿಗೆ ಊಹಿಸುವುದೂ ಕಷ್ಟ. ಹಣ ತೆಗೆಯಲು ಬಂದವನಿಗೆ ಚೆಕ್ಕಿಗೆ ಬದಲಾಗಿ ಹಿತ್ತಾಳೆಯ ಟೋಕನ್ ಸಿಗುತ್ತಿತ್ತು. ಗುಮಾಸ್ತ ತೊಟ್ಟಿಲಿನಷ್ಟು ಭಾರದ ಲೆಡ್ಜರ್ ಬಿಡಿಸಿ, ಖಾತೆಯ ಪುಟ ಹುಡುಕಿ, ಮೊತ್ತ ಬರೆದು ಶಿಲ್ಕು ಕಳೆಯುತ್ತಿದ್ದ. ಅಧಿಕಾರಿ ಮಾದರಿ ಸಹಿಯೊಂದಿಗೆ ಚೆಕ್ಕಿನ ಸಹಿಯನ್ನು ಹೋಲಿಸಿ ಪಾಸು ಮಾಡುತ್ತಿದ್ದ. ಚೆಕ್ಕು ಕ್ಯಾಷಿಯರನ ಕೈಗೆ ತಲುಪಿ, ಟೋಕನ್ ಸಂಖ್ಯೆ ಕೂಗಿದಾಗ ಹಣ ಸಿಗುತ್ತಿತ್ತು.

ನಿಜವಾದ ಪರೀಕ್ಷೆ ಇದ್ದದ್ದು ಲೆಕ್ಕ ತಾಳೆ ನೋಡುವಾಗ. ಎಲ್ಲ ಖಾತೆಗಳ ಶಿಲ್ಕನ್ನು ಕೂಡಿದ ಮೊತ್ತ ಜನರಲ್ ಲೆಡ್ಜರಿನ ಮೊತ್ತಕ್ಕೆ ಸರಿಹೋಗಬೇಕು. ಕೆಲವು ಪೈಸೆಯ ವ್ಯತ್ಯಾಸ ಬಂದರೂ ಹುಡುಕಲೇಬೇಕು. ಹುಡುಕುವುದಕ್ಕೆ ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದ ಗುಟ್ಟುಗಳಿದ್ದವು. ವ್ಯತ್ಯಾಸದ ಮೊತ್ತ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಉದಾಹರಣೆಗೆ 540 ಎಂದು ಬರೆಯುವಲ್ಲಿ 450 ಎಂದು ಬರೆದರೆ ವ್ಯತ್ಯಾಸ 90. ಒಂಬತ್ತಕ್ಕೆ ಒಗ್ಗದಿದ್ದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಇದೆಯೇ ನೋಡಬೇಕು. ಖರ್ಚಿನ ಕಡೆ ಬರೆಯಬೇಕಾದ 125 ರೂಪಾಯಿ ಜಮೆಯ ಕಡೆ ಹೋಗಿದ್ದರೆ ವ್ಯತ್ಯಾಸ 250 ಬರುತ್ತದೆ. ಕೆಲಸದ ಮೇಜಿನಲ್ಲೇ ಕಲಿಯುತ್ತಿದ್ದ ಈ ವಿದ್ಯೆಯಿಂದಾಗಿ ಹಿರಿಯನಿಗೆ ಸಹಜವಾದ ಮರ್ಯಾದೆ ಸಿಗುತ್ತಿತ್ತು. ಕಿರಿಯನಿಗೆ ಗೊತ್ತಿಲ್ಲದ್ದು ಹಿರಿಯನಿಗೆ ಗೊತ್ತಿತ್ತು.

ಉಳಿತಾಯ ಖಾತೆಯ ಬಡ್ಡಿ ಲೆಕ್ಕವನ್ನೂ ಕೈಯಲ್ಲೇ ಮಾಡಬೇಕಿತ್ತು. ಪ್ರತಿ ತಿಂಗಳ 10ರಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಕನಿಷ್ಠ ಶಿಲ್ಕಿಗೆ ಮಾತ್ರ ಬಡ್ಡಿ. ದಿನದಿನದ ಶಿಲ್ಕಿಗೆ ಬಡ್ಡಿ ಕೊಡುವ ಪದ್ಧತಿ ಬಂದದ್ದು 2010ರ ಏಪ್ರಿಲ್ 1ರಿಂದ. ಕೈಬರಹದ ಕಾಲದಲ್ಲಿ ಅದು ಸಾಧ್ಯವೂ ಇರಲಿಲ್ಲ. ಗ್ರಾಹಕನಿಗೆ ಯಂತ್ರದಿಂದ ಆದ ಲಾಭಗಳಲ್ಲಿ ಇದೂ ಒಂದು.

ಯಂತ್ರದ ಆಗಮನ

ಕಂಪ್ಯೂಟರ್ ಎಂದರೆ ನೌಕರಿಗೆ ಕುತ್ತು ಎಂಬ ಭಯ ಭಾರತದಲ್ಲಿ ಹಳೆಯದು. 1960ರ ದಶಕದಲ್ಲಿ ಕೋಲ್ಕತ್ತದ ಜೀವವಿಮಾ ನಿಗಮದ ನೌಕರರು ಯಂತ್ರ ಸ್ಥಾಪನೆಯನ್ನು ವಿರೋಧಿಸಿ ದೀರ್ಘ ಚಳವಳಿ ನಡೆಸಿದ್ದರು. ಬ್ಯಾಂಕುಗಳಲ್ಲಿ ಯಂತ್ರ ಬಂದದ್ದು ಮಾತುಕತೆಯ ಮೂಲಕ. 1983ರಲ್ಲಿ ನೌಕರರ ಸಂಘಗಳು ಮತ್ತು ಬ್ಯಾಂಕುಗಳ ನಡುವೆ ಯಾಂತ್ರೀಕರಣದ ಒಪ್ಪಂದವಾಯಿತು. ಸಿ. ರಂಗರಾಜನ್ ನೇತೃತ್ವದ ಸಮಿತಿ 1984ರಲ್ಲಿ ವರದಿ ಕೊಟ್ಟಿತು. 1987 ಮತ್ತು 1993ರಲ್ಲಿ ಮತ್ತೆ ಒಪ್ಪಂದಗಳಾದವು. ಮೊದಲು ಬಂದ ಯಂತ್ರಗಳಲ್ಲಿ ‘ಎಎಲ್‌ಪಿಎಂ’ ಎಂದು ಕರೆಯುತ್ತಿದ್ದ ಲೆಡ್ಜರ್ ಬರೆಯುವ ಯಂತ್ರ ಮುಖ್ಯವಾದದ್ದು. ಅದರ ಮುಂದೆ ಕೂರುವ ಗುಮಾಸ್ತನಿಗೆ ವಿಶೇಷ ಭತ್ಯೆಯೂ ಇತ್ತು.

1998ರಲ್ಲಿ ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್, 2001ರ ಜನವರಿ 1ರೊಳಗೆ ವಹಿವಾಟಿನ ಶೇಕಡ 70ರಷ್ಟನ್ನು ಗಣಕೀಕರಿಸಬೇಕೆಂದು ಸರ್ಕಾರಿ ಬ್ಯಾಂಕುಗಳಿಗೆ ಸೂಚಿಸಿದರು. ಆಮೇಲೆ ಬಂದದ್ದು ‘ಕೋರ್ ಬ್ಯಾಂಕಿಂಗ್’. ಎಲ್ಲ ಶಾಖೆಗಳ ಲೆಕ್ಕವೂ ಒಂದೇ ಕೇಂದ್ರದಲ್ಲಿ ಸೇರುವ ವ್ಯವಸ್ಥೆ ಇದು. ಬೆಂಗಳೂರಿನ ಇನ್ಫೊಸಿಸ್ ರೂಪಿಸಿದ ‘ಫಿನಾಕಲ್’ ತಂತ್ರಾಂಶವನ್ನು ದೇಶದ ಹಲವು ದೊಡ್ಡ ಬ್ಯಾಂಕುಗಳು ಅಳವಡಿಸಿಕೊಂಡವು. ಶಾಖೆಯ ಗ್ರಾಹಕ ಇಡೀ ಬ್ಯಾಂಕಿನ ಗ್ರಾಹಕನಾದ. ಶಾಖೆಗೆ ತನ್ನದೇ ಲೆಡ್ಜರ್ ಇಲ್ಲವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಲೆಡ್ಜರಿನಿಂದ ಕಂಪ್ಯೂಟರಿಗೆ ಬ್ಯಾಂಕನ್ನು ದಾಟಿಸಿದವರು ಹೊಸ ಹುಡುಗರಲ್ಲ. 1970–80ರ ದಶಕಗಳಲ್ಲಿ ಸೇರಿ, ನಲವತ್ತೈದು–ಐವತ್ತರ ಆಸುಪಾಸಿನಲ್ಲಿದ್ದ ಗುಮಾಸ್ತರು ಮತ್ತು ಅಧಿಕಾರಿಗಳು ಹಳೆಯ ಪುಟಗಳ ಶಿಲ್ಕನ್ನು ಒಂದೊಂದಾಗಿ ಯಂತ್ರಕ್ಕೆ ತುಂಬಿಸಿದರು. ‘ಹಿರಿಯರಿಗೆ ಹೊಸದು ಬೇಡ’ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೆ ಇದೇ ಕೆಲಸ ಅವರ ಹಿರಿತನದ ಬೆಲೆಯನ್ನೂ ತಗ್ಗಿಸಿತು. ತಾಳೆಯ ಕೆಲಸವನ್ನು ಯಂತ್ರವೇ ಮಾಡತೊಡಗಿದ ಮೇಲೆ ಒಂಬತ್ತರ ಗುಟ್ಟು ಯಾರಿಗೆ ಬೇಕು?

ನಡುವಿನ ಮೆಟ್ಟಿಲು ಇಲ್ಲ

1990ರ ದಶಕದಲ್ಲಿ ಗುಮಾಸ್ತರ ನೇಮಕಾತಿ ಬಹುಮಟ್ಟಿಗೆ ಸ್ಥಗಿತಗೊಂಡಿತು. 2000ದಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂತು. 15 ವರ್ಷ ಸೇವೆ ಸಲ್ಲಿಸಿದವರು ಇಲ್ಲವೇ 40 ವರ್ಷ ದಾಟಿದವರು ಅರ್ಹರು. ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಜನ ಹೊರನಡೆದರು. 2001ರಲ್ಲಿ ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಗಳೇ ರದ್ದಾದವು.

ಇದರ ಫಲ ಹತ್ತು ವರ್ಷಗಳ ನಂತರ ಕಂಡಿತು. ಸರ್ಕಾರಿ ಬ್ಯಾಂಕುಗಳ ಸಿಬ್ಬಂದಿ ವಿಷಯವನ್ನು ಪರಿಶೀಲಿಸಿದ ಎ.ಕೆ. ಖಂಡೇಲ್ವಾಲ್ ಸಮಿತಿ 2010ರಲ್ಲಿ ವರದಿ ನೀಡಿ, ಮುಂದಿನ ವರ್ಷಗಳಲ್ಲಿ ದೊಡ್ಡ ಪ್ರಮಾಣದ ನಿವೃತ್ತಿಗಳಿಂದ ಅನುಭವದ ಕೊರತೆ ಉಂಟಾಗುವುದೆಂದು ಎಚ್ಚರಿಸಿತು. 2011ರಿಂದ ಐಬಿಪಿಎಸ್ ಸಂಸ್ಥೆಯ ಸಾಮಾನ್ಯ ಪರೀಕ್ಷೆಯ ಮೂಲಕ ದೊಡ್ಡ ಸಂಖ್ಯೆಯಲ್ಲಿ ಯುವಕ ಯುವತಿಯರು ಬಂದರು. ಒಂದೇ ಶಾಖೆಯಲ್ಲಿ ಐವತ್ತೈದು ದಾಟಿದವರು, ಇಪ್ಪತ್ತೈದರ ಹರೆಯದವರು. ನಡುವಿನ ನಲವತ್ತರ ವಯಸ್ಸಿನವರೇ ವಿರಳ. ಮೂವತ್ತು ತುಂಬುವ ಮೊದಲೇ ಮ್ಯಾನೇಜರ್ ಆದವರಿದ್ದಾರೆ. ತಂದೆಯ ವಯಸ್ಸಿನ ಗುಮಾಸ್ತನಿಗೆ ಮಗಳ ವಯಸ್ಸಿನ ಮೇಡಂ ಕೆಲಸ ಹೇಳುವ ಪ್ರಸಂಗ ಬಂದದ್ದು ಹೀಗೆ.

ಸಾಮಾನ್ಯವಾಗಿ ಯಾವುದೇ ಕಸುಬಿನಲ್ಲಿ ಹಿರಿಯನ ಮಾತನ್ನು ಕಿರಿಯನಿಗೆ ಮುಟ್ಟಿಸುವವರು ನಡುವಯಸ್ಸಿನವರು. ಅವರು ಎರಡು ಕಡೆಯ ಭಾಷೆಯನ್ನೂ ಬಲ್ಲವರು. ಆ ಮೆಟ್ಟಿಲೇ ಇಲ್ಲದಿದ್ದಾಗ ಅಂತರ ಕಂದಕವಾಗುತ್ತದೆ. ಇದಕ್ಕೆ ಹಿರಿಯರ ಸ್ವಭಾವವೂ ಕಾರಣವಲ್ಲ, ಕಿರಿಯರ ಸ್ವಭಾವವೂ ಕಾರಣವಲ್ಲ. ನೇಮಕಾತಿ ನಿಲ್ಲಿಸಿದ ತೀರ್ಮಾನವೇ ಕಾರಣ.

ಒಂದೇ ಮೇಜು, ಎರಡು ಕರಾರು

ಇನ್ನೂ ಆಳವಾದ ಅಂತರ ಸಂಬಳದ ಚೀಟಿಯಲ್ಲಿದೆ. 1993ರ ಒಪ್ಪಂದದ ಫಲವಾಗಿ 1995ರಲ್ಲಿ ಬ್ಯಾಂಕ್ ನೌಕರರಿಗೆ ಪಿಂಚಣಿ ನಿಯಮಗಳು ಬಂದವು. ಹಿಂದೆ ಅದನ್ನು ಒಪ್ಪದೆ ಭವಿಷ್ಯನಿಧಿಯಲ್ಲೇ ಉಳಿದಿದ್ದವರಿಗೆ 2010ರಲ್ಲಿ ಮತ್ತೊಂದು ಅವಕಾಶ ಸಿಕ್ಕಿತು. ಆದರೆ 2010ರ ಏಪ್ರಿಲ್ 1ರಿಂದ ಸೇರಿದವರಿಗೆ ಈ ನಿಶ್ಚಿತ ಪಿಂಚಣಿ ಇಲ್ಲ. ಅವರದು ಹೊಸ ಪಿಂಚಣಿ ವ್ಯವಸ್ಥೆ. ನೌಕರ ಮತ್ತು ಬ್ಯಾಂಕ್ ಇಬ್ಬರೂ ಹಾಕಿದ ಹಣ ಮಾರುಕಟ್ಟೆಯಲ್ಲಿ ಎಷ್ಟು ಬೆಳೆಯುತ್ತದೋ ಅದರ ಮೇಲೆ ನಿವೃತ್ತಿಯ ಆದಾಯ ನಿಂತಿದೆ. ಒಂದೇ ವರ್ಷ ನಡೆದ ಈ ಎರಡು ಘಟನೆಗಳಲ್ಲಿ ಒಂದು ಹಳಬರಿಗೆ ಬಾಗಿಲು ತೆರೆಯಿತು, ಇನ್ನೊಂದು ಹೊಸಬರಿಗೆ ಮುಚ್ಚಿತು.

‘ಸಂಸ್ಥೆಯ ಮೇಲೆ ಪ್ರೀತಿ’ ಎಂಬ ಮಾತನ್ನು ಈ ಬೆಳಕಿನಲ್ಲಿ ನೋಡಬೇಕು. ಮೂವತ್ತೈದು ವರ್ಷ ದುಡಿದರೆ ಸಾಯುವವರೆಗೆ ಪಿಂಚಣಿ ಎಂದಿದ್ದಾಗ ಸಂಸ್ಥೆಯನ್ನು ಬಿಡದಿರುವುದು ನಿಷ್ಠೆಯೂ ಹೌದು, ಲೆಕ್ಕಾಚಾರವೂ ಹೌದು. ಆ ಭರವಸೆ ಇಲ್ಲದವನು ಮತ್ತೊಂದು ಪರೀಕ್ಷೆ ಬರೆದು ಹೊರಟರೆ ಅದನ್ನು ಕೃತಘ್ನತೆ ಎನ್ನಲಾಗದು.

ಕೆಲಸದ ಅಳತೆಗೋಲೂ ಬದಲಾಗಿದೆ. ಹಿಂದಿನವರಿಗೆ ತಪ್ಪಿಲ್ಲದ ಪುಟವೇ ಒಳ್ಳೆಯ ಕೆಲಸದ ಗುರುತು. ಈಗ ಶಾಖೆಯ ಸಭೆಗಳಲ್ಲಿ ಕೇಳುವ ಪದ ‘ಟಾರ್ಗೆಟ್’. ವಿಮೆ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಮಾರಬೇಕು. ಸಾಲದ ಅರ್ಜಿಯ ಭವಿಷ್ಯ ಪರಿಚಯಕ್ಕಿಂತ ಹೆಚ್ಚಾಗಿ ಸಿಬಿಲ್ ಅಂಕವನ್ನು ಅವಲಂಬಿಸಿದೆ. ಹಳಬರಿಗೆ ಇದು ಬ್ಯಾಂಕಿಂಗೇ ಅಲ್ಲ ಎನಿಸುತ್ತದೆ. ಹೊಸಬರಿಗೆ ಬೇರೆ ಬ್ಯಾಂಕಿಂಗ್ ಗೊತ್ತೇ ಇಲ್ಲ.

ಭಾಷೆಯ ಪ್ರಶ್ನೆ

ಕರ್ನಾಟಕದಲ್ಲಿ ಈ ಅಂತರಕ್ಕೆ ಇನ್ನೊಂದು ಪದರವಿದೆ. ಹಿಂದೆ ಕೌಂಟರಿನಲ್ಲಿ ಕನ್ನಡ, ತುಳು, ಕೊಂಕಣಿ ಸಹಜವಾಗಿ ಕೇಳುತ್ತಿದ್ದವು. ಅಖಿಲ ಭಾರತ ಮಟ್ಟದ ಪರೀಕ್ಷೆಗಳು ಬಂದಮೇಲೆ ಹಳ್ಳಿಯ ಶಾಖೆಗಳಲ್ಲೂ ಕನ್ನಡ ಬಾರದ ಯುವ ಅಧಿಕಾರಿಗಳು ಕಾಣಿಸಿಕೊಂಡರು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಬೇಕೆಂಬ ಒತ್ತಾಯ ರಾಜ್ಯದಲ್ಲಿ ಬಲವಾಗಿ ಕೇಳಿಬಂತು. 2019ರಲ್ಲಿ ಕೇಂದ್ರ ಸರ್ಕಾರ ಕನ್ನಡ, ಕೊಂಕಣಿ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಆ ಪರೀಕ್ಷೆ ಬರೆಯಲು ಅವಕಾಶ ಪ್ರಕಟಿಸಿತು. ಪಾಸ್ ಬುಕ್ ಹಿಡಿದು ಬಂದ ಅಜ್ಜಿಗೆ ಎದುರಿನ ಹುಡುಗನ ವಯಸ್ಸು ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ಮಾತು ತಿಳಿಯದಿದ್ದಾಗ.

ಹೆಸರುಗಳೂ ಮರೆಯಾದವು. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ ಮತ್ತು ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ‘ನಮ್ಮ ಬ್ಯಾಂಕ್’ ಎಂದು ಹೇಳುತ್ತಿದ್ದ ಹಿರಿಯನಿಗೆ ಆದ ನೋವು, ಸೇರಿ ಮೂರು ವರ್ಷವಾದವನಿಗೆ ಅಷ್ಟಾಗಿ ಆಗಿರಲಿಕ್ಕಿಲ್ಲ.

ದೂರು ಹೊಸದಲ್ಲ

ಇಷ್ಟೆಲ್ಲದರ ನಡುವೆ ಎರಡು ತಲೆಮಾರುಗಳು ಹೆಗಲು ಕೊಟ್ಟು ನಿಂತ ಸಂದರ್ಭಗಳೂ ಇವೆ. 2016ರ ನವೆಂಬರ್ 8ರಂದು ನೋಟು ರದ್ದತಿ ಪ್ರಕಟವಾದ ಮೇಲೆ ವಾರಗಟ್ಟಲೆ ಶಾಖೆಗಳ ಮುಂದೆ ಸಾಲುಗಳು ಬೆಳೆದವು. ಕೆಲವು ಬ್ಯಾಂಕುಗಳು ನಿವೃತ್ತ ಸಿಬ್ಬಂದಿಯ ನೆರವನ್ನೂ ಪಡೆದವು. ರಾತ್ರಿಯವರೆಗೆ ಕೂತು ಲೆಕ್ಕ ಮುಗಿಸಿದವರಲ್ಲಿ ಹಳಬರೂ ಇದ್ದರು, ಹೊಸಬರೂ ಇದ್ದರು. ಆಗ ಯಾರೂ ಗಡಿಯಾರ ನೋಡಲಿಲ್ಲ.

ಗಡಿಯಾರದ ದೂರಾದರೂ ಹೊಸದೇ? ರಾಷ್ಟ್ರೀಕರಣದ ನಂತರ ಸೇರಿದ ಗುಮಾಸ್ತರ ಮೇಲೂ ಇದೇ ಆಪಾದನೆ ಇತ್ತು: ಸಂಘದ ಬಲದಿಂದ ಮೈಗಳ್ಳರಾಗಿದ್ದಾರೆ, ಹೊತ್ತು ಮೀರಿದರೆ ಓವರ್‌ಟೈಮ್ ಕೇಳುತ್ತಾರೆ ಎಂದು. ಆ ಗುಮಾಸ್ತರೇ ಇಂದಿನ ಹಿರಿಯರು. 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ದೊರೆತದ್ದು ಅವರ ಹೋರಾಟದಿಂದಲೇ. ಇಂದಿನ ಕಿರಿಯರು ವಾರಕ್ಕೆ ಐದೇ ದಿನದ ಕೆಲಸ ಕೇಳಿದರೆ ಅದು ಅದೇ ಹಾದಿಯ ಮುಂದಿನ ಹೆಜ್ಜೆ.

ಕೊನೆಗೆ ಉಳಿಯುವುದು ಇಷ್ಟು. ವಯಸ್ಸಿನಿಂದ ಬಂದ ಅಂತರ ಸೊಸೆ ಅತ್ತೆಯಾದಂತೆ ತಾನಾಗಿ ಕಳೆಯುತ್ತದೆ. ಯಂತ್ರದಿಂದ ಬಂದ ಅಂತರವನ್ನು ಕಲಿಕೆ ತುಂಬುತ್ತದೆ. ನಲವತ್ತೈದರಲ್ಲಿ ಕೀಲಿಮಣೆ ಮುಟ್ಟಿದ ಗುಮಾಸ್ತರು ಅದನ್ನು ತೋರಿಸಿಕೊಟ್ಟಿದ್ದಾರೆ. ಆದರೆ ನೇಮಕಾತಿಯ ಆದೇಶ ಮತ್ತು ಪಿಂಚಣಿಯ ಕರಾರುಗಳಿಂದ ಬಂದ ಅಂತರ ವಯಸ್ಸಾದರೂ ಹೋಗದು, ತರಬೇತಿ ಕೊಟ್ಟರೂ ಹೋಗದು. ಅದು ಕಾಗದದ ಮೇಲೆ ಸಹಿಯಾಗಿ ಬಂದದ್ದು. ಬದಲಾಗಬೇಕಾದರೂ ಸಹಿಯಿಂದಲೇ ಬದಲಾಗಬೇಕು. ಕಚೇರಿಯ ಹಿರಿಯರು ಕಿರಿಯರನ್ನು, ಕಿರಿಯರು ಹಿರಿಯರನ್ನು ದೂರುತ್ತ ಕುಳಿತರೆ ಆ ಕಾಗದವನ್ನು ಓದುವವರೇ ಇರುವುದಿಲ್ಲ.